ಕಾಯುವ ಬೆಂಕಿ

ಜನವರಿಯ ರಾತ್ರಿ ಕುಂಬಳೆ ಬೆಡಿ, ಅಂದರೆ ಅಲ್ಲಿನ ದೇವಸ್ಥಾನದ ಉತ್ಸವದ ಸಿಡಿಮದ್ದು, ನೋಡಲು ನಿಂತಾಗ ನನ್ನ ಗಮನ ಆಕಾಶಕ್ಕಿಂತ ಮೊದಲು ನೆಲದ ಮೇಲಿನ ಕತ್ತಲಿಗೆ ಹೋಗುತ್ತದೆ. ತುಂಬಿಟ್ಟ ಮದ್ದು ಅಲ್ಲಿ ಸುಮ್ಮನೆ ಕುಳಿತಿರುತ್ತದೆ. ಉರಿಯಲು ಅದಕ್ಕೆ ಹೊರಗಿನ ಗಾಳಿಯೂ ಬೇಡ. ಇದ್ದಿಲು, ಗಂಧಕಗಳ ಜೊತೆ ಬೆರೆತ ಪೆಟ್ಲುಪ್ಪಿನಲ್ಲೇ ಆಮ್ಲಜನಕ ಅಡಗಿದೆ. ಬೇಕಾದದ್ದು ಒಂದು ಕಿಡಿ.

ಉಪಗ್ರಹ ಹೊರುವ ರಾಕೆಟ್ಟುಗಳಲ್ಲಿ ಅನೇಕವಕ್ಕೆ ಈ ತಾಳ್ಮೆ ಇಲ್ಲ. ಅವು ಸೀಮೆಎಣ್ಣೆಯನ್ನು ದ್ರವ ಆಮ್ಲಜನಕದೊಂದಿಗೆ ಉರಿಸುತ್ತವೆ. ಆ ಆಮ್ಲಜನಕ ದ್ರವವಾಗಿ ಉಳಿಯಬೇಕಾದರೆ ಮೈನಸ್ 183 ಡಿಗ್ರಿಯ ಚಳಿ ಬೇಕು. ಟ್ಯಾಂಕಿಗೆ ತುಂಬಿದ ಗಳಿಗೆಯಿಂದಲೇ ಅದು ಕುದಿದು ಆವಿಯಾಗತೊಡಗುತ್ತದೆ. ಹಾರಿಸುವ ದಿನ ಮೊದಲೇ ಗೊತ್ತಿರುವ ಉಪಗ್ರಹಕ್ಕೆ ಇದು ತೊಂದರೆಯಲ್ಲ. ಆದರೆ ಸೈನ್ಯಕ್ಕೆ ಬೇಕಾದದ್ದು ಉಗ್ರಾಣದಲ್ಲಿ ವರ್ಷಗಟ್ಟಲೆ ಕಾದು, ಕರೆದ ಕ್ಷಣ ಹೊತ್ತಿಕೊಳ್ಳುವ ಬೆಂಕಿ.

ಬಾಹ್ಯಾಕಾಶದ ಕನಸಿನಿಂದ ಹುಟ್ಟಿದ ಕೆಲವು ಎಂಜಿನ್ ಕಂಪನಿಗಳು ಈಗ ಆ ಕಡೆಗೆ ಹೊರಳಿವೆ. ಅಮೆರಿಕದಲ್ಲಿ 2015ರಲ್ಲಿ ಆರಂಭವಾದ ಅರ್ಸಾ ಮೇಜರ್ ಅವುಗಳಲ್ಲಿ ಒಂದು. ಸಣ್ಣ ಉಡಾವಣಾ ವಾಹನಗಳಿಗೂ ಮಾರುವ ಉದ್ದೇಶವಿದ್ದ ಅದರ ಹ್ಯಾಡ್ಲಿ ಎಂಜಿನ್, 2024ರ ಮಾರ್ಚ್‌ನಲ್ಲಿ ಹಾರಿದ್ದು ಟ್ಯಾಲನ್-ಎ ಎಂಬ ಅತಿವೇಗದ ಪರೀಕ್ಷಾ ವಾಹನದಲ್ಲಿ. ಹ್ಯಾಡ್ಲಿ ಉರಿಯುವುದು ಅದೇ ದ್ರವ ಆಮ್ಲಜನಕದಿಂದ. ಅದರ ತಮ್ಮನಂತಿರುವ ಡ್ರೇಪರ್ ಎಂಜಿನ್ನಿಗೆ ಕಂಪನಿ ದ್ರವ ಆಮ್ಲಜನಕದ ಬದಲು ಆರಿಸಿಕೊಂಡದ್ದು ಹೈಡ್ರೋಜನ್ ಪೆರಾಕ್ಸೈಡ್.

ಮೆಡಿಕಲ್ ಅಂಗಡಿಯಲ್ಲಿ ಗಾಯ ತೊಳೆಯಲು ಕೊಡುತ್ತಾರಲ್ಲ, ಅದೇ ದ್ರವ. ಗಾಯಕ್ಕೆ ತಾಗಿದೊಡನೆ ನೊರೆ ಏಳುತ್ತದೆ. ರಕ್ತದಲ್ಲಿರುವ ಕಿಣ್ವವೊಂದು ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಏಳುವ ನೊರೆ. ಅಂಗಡಿಯ ಬಾಟಲಿಯಲ್ಲಿ ಅದರ ಪಾಲು ಶೇಕಡಾ 3ರಿಂದ 6 ಇದ್ದರೆ, ರಾಕೆಟ್ಟಿಗೆ ಬೇಕಾದದ್ದು 90ರ ಆಸುಪಾಸು. ಆಗ ನೊರೆಯ ಬದಲು ನೂರಾರು ಡಿಗ್ರಿ ಬಿಸಿಯ ಹಬೆ ನುಗ್ಗುತ್ತದೆ. ಚಳಿಪೆಟ್ಟಿಗೆ ಬೇಡ, ಎಚ್ಚರಿಕೆಯಿಂದ ತುಂಬಿಟ್ಟರೆ ಕಾಯುತ್ತದೆ. ಗಾಯಕ್ಕೆ ಹಚ್ಚುವುದನ್ನೂ ಬೆಡಿಗೆ ತುಂಬುವುದನ್ನೂ ನಾವು ಒಂದೇ ಮಾತಿನಲ್ಲಿ ಮದ್ದು ಎನ್ನುತ್ತೇವೆ. ಪೆರಾಕ್ಸೈಡ್ ಆ ಪದದ ಎರಡು ಅರ್ಥಕ್ಕೂ ಸಲ್ಲುತ್ತದೆ.

ಘನ ಇಂಧನದ ಮೋಟಾರು ಇನ್ನೂ ಹೆಚ್ಚು ತಾಳ್ಮೆಯದು. ಆಮ್ಲಜನಕ ಅಡಗಿರುವ ಅಮೋನಿಯಂ ಪರ್ಕ್ಲೋರೇಟ್ ಎಂಬ ಉಪ್ಪು ಮತ್ತು ಅಲ್ಯುಮಿನಿಯಂ ಪುಡಿಯನ್ನು ಕೃತಕ ರಬ್ಬರಿನ ದ್ರವದಲ್ಲಿ ಕಲಸಿ ಕೊಳವೆಗೆ ಎರೆಯುತ್ತಾರೆ. ಡಿಶ್‌ನಲ್ಲಿ ಆಸಿಡ್ ಹಾಕಿಟ್ಟ ರಬ್ಬರ್ ಹಾಲು ಬೆಳಗಾಗುವಾಗ ಶೀಟಿಗೆ ತಯಾರಾಗುವುದನ್ನು ಕಾಸರಗೋಡಿನ ಗುಡ್ಡದ ಮನೆಗಳವರು ಬಲ್ಲರು. ಮೋಟಾರಿನ ರಬ್ಬರನ್ನಾದರೆ ಹದವಾದ ಬಿಸಿಯಲ್ಲಿ ದಿನಗಟ್ಟಲೆ ಇಟ್ಟು ಗಟ್ಟಿ ಮಾಡಬೇಕು. ಆ ರಬ್ಬರಿಗೂ ವಯಸ್ಸಾಗುತ್ತದೆ. ಒಂದು ಬಿರುಕು ಬಿಟ್ಟರೆ ಬೆಂಕಿ ತಾಗುವ ಮೈ ಹಿಗ್ಗಿ, ಒತ್ತಡ ಏರಿ, ಮೋಟಾರೇ ಸಿಡಿದೀತು. ಇಂಥ ಕೆಲಸ ಬಲ್ಲ ಕಾರ್ಖಾನೆಗಳು ಅಮೆರಿಕದಲ್ಲೇ ಕೆಲವೇ ಇವೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಕ್ಷಿಪಣಿ ದಾಸ್ತಾನು ಕರಗತೊಡಗಿದಾಗ ಈ ಕೊರತೆ ಎದ್ದು ಕಂಡಿತು.

ಅತ್ತ ಉಡಾವಣೆಯ ಪೇಟೆಯಲ್ಲಿ ಎಂಜಿನ್ ಕೊಳ್ಳುವ ಗಿರಾಕಿಗಳೇ ಕಡಿಮೆ. ಸ್ಪೇಸ್‌ಎಕ್ಸ್ 2024ರಲ್ಲಿ 130ಕ್ಕೂ ಹೆಚ್ಚು ಬಾರಿ ರಾಕೆಟ್ ಹಾರಿಸಿತು. ಎಂಜಿನ್‌ಗಳನ್ನು ಅದು ತಾನೇ ಮಾಡಿಕೊಳ್ಳುತ್ತದೆ, ಇಳಿಸಿ ಮತ್ತೆ ಬಳಸುತ್ತದೆ. ಎಬಿಎಲ್ ಎಂಬ ಕಂಪನಿ 2023ರ ಜನವರಿಯ ಮೊದಲ ಹಾರಾಟದಲ್ಲಿ ಸೋತು, ಮರುವರ್ಷ ಎರಡನೆಯ ರಾಕೆಟ್ಟನ್ನು ಪರೀಕ್ಷೆಯಲ್ಲೇ ಕಳೆದುಕೊಂಡು, 2024ರ ನವೆಂಬರ್‌ನಲ್ಲಿ ಕ್ಷಿಪಣಿ ರಕ್ಷಣೆಯತ್ತ ಹೊರಳಿತು. ಕ್ಷಿಪಣಿಯ ಎಂಜಿನ್ ಮರಳಿ ಬರುವುದಿಲ್ಲ. ಪ್ರತಿ ಸಲವೂ ಹೊಸದನ್ನೇ ಕೊಳ್ಳಬೇಕು. ಲೆಕ್ಕ ನನಗೆ ಅರ್ಥವಾಗುತ್ತದೆ, ಮನಸ್ಸು ಒಪ್ಪುವುದಿಲ್ಲ. ಚಂದ್ರನ ಆಸೆಯಿಂದ ಈ ವಿದ್ಯೆಗೆ ಬಂದ ಹುಡುಗರ ಕೈಕೆಲಸ ಉಗ್ರಾಣ ಸೇರುವುದು ನನಗೆ ನೋವಿನ ಸಂಗತಿ.

ಈ ದಾರಿಯಲ್ಲಿ ಹಿಂದೆಯೂ ಓಡಾಟ ನಡೆದಿದೆ, ಎರಡೂ ದಿಕ್ಕಿಗೆ. 1980ರಲ್ಲಿ ರೋಹಿಣಿ ಉಪಗ್ರಹವನ್ನು ಕಕ್ಷೆಗೇರಿಸಿದ ಭಾರತದ ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಹಂತವೇ 1989ರ ಅಗ್ನಿ ಕ್ಷಿಪಣಿಯ ಮೊದಲ ಹಂತವಾಯಿತು. ಅದಕ್ಕೂ ಮುಂಚೆ, 1963ರ ನವೆಂಬರ್ 21ರ ಸಂಜೆ, ನಮ್ಮ ಈ ಕರಾವಳಿಯ ದಕ್ಷಿಣ ತುದಿಯಲ್ಲಿ, ತಿರುವನಂತಪುರದ ಬಳಿಯ ತುಂಬಾ ಎಂಬ ಊರಿನಿಂದ ನೈಕಿ-ಅಪಾಚೆ ಎಂಬ ರಾಕೆಟ್ ಏರಿತು. ಅದರ ಕೆಳಗಿನ ಮೋಟಾರು ಮೂಲತಃ ವಿಮಾನ ಹೊಡೆದುರುಳಿಸುವ ಕ್ಷಿಪಣಿಯದು. ಅಂದು ಅದು ಹೊತ್ತೊಯ್ದದ್ದು ಮೇಲಿನ ಗಾಳಿಯ ಓಟ ಅಳೆಯುವ ಸೋಡಿಯಂ ಆವಿಯನ್ನು. ಮುಳುಗಿದ ಸೂರ್ಯನ ಬೆಳಕು ತಾಗಿ ಆ ಆವಿ ಆಕಾಶದಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿತು.