ಇನ್‌ಸ್ಟಂಟ್ ಕಾಫಿಯನ್ನು ಚಹಾದಂತೆ ಕುದಿಸಬೇಡಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ, ಮೂರನೇ ಮಹಡಿಯಲ್ಲಿ ಉಡುಪಿ ಕಡೆಯ ಅಕ್ಕ ಒಬ್ಬರಿದ್ದಾರೆ. ಹೋದ ವಾರ ಅವರ ಮನೆಗೆ ಹೋಗಿದ್ದೆ. ಕಾಫಿ ಕೊಡುವಾಗಲೇ ಹೇಳಿದರು, "ಇನ್‌ಸ್ಟಂಟ್ ಮಾರಾಯ್ರೆ, ರುಚಿ ಅಷ್ಟಕ್ಕಷ್ಟೇ." ಅವರು ಅದನ್ನು ಮಾಡಿದ್ದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದೆ. ಚಹಾದ ಪಾತ್ರೆಗೇ ಹಾಲು, ನೀರು, ಸಕ್ಕರೆ, ಕಾಫಿಪುಡಿ ಎಲ್ಲ ಒಟ್ಟಿಗೆ ಹಾಕಿ ಮೂರು ಸಲ ಉಕ್ಕಿಸಿದ್ದರು. ಪಾತ್ರೆಯಲ್ಲಿ ಬೆಳಗಿನ ಶುಂಠಿಯ ವಾಸನೆ ಇನ್ನೂ ಇತ್ತು.

ಕಾಫಿಯ ರುಚಿ ನೋಡುವುದೇ ನನ್ನ ಉದ್ಯೋಗ. ದಿನಕ್ಕೆ ಹತ್ತಾರು ಬಟ್ಟಲು ಬಾಯಿಗೆ ಹಾಕಿ ಉಗುಳುತ್ತೇನೆ, ಅದರಲ್ಲಿ ಇನ್‌ಸ್ಟಂಟ್ ಕೂಡ ಇರುತ್ತದೆ. ಮುಂಬೈಗೆ ಬಂದ ನಮ್ಮವರು ಬಹಳ ಮನೆಗಳಲ್ಲಿ ಕಾಫಿಯನ್ನು ಚಹಾ ಮಾಡುವ ರೀತಿಯಲ್ಲೇ ಮಾಡುತ್ತಾರೆ. ಆಮೇಲೆ ಪುಡಿಯನ್ನು ಬೈಯುತ್ತಾರೆ.

ಆ ಪುಡಿ ಏನು ಅಂತ ಮೊದಲು ನೋಡೋಣ. ಕಾರ್ಖಾನೆಯಲ್ಲಿ ಹುರಿದ ಬೀಜವನ್ನು ತರಿಯಾಗಿ ಪುಡಿಮಾಡಿ, ಸಾಲಾಗಿ ನಿಂತ ಎತ್ತರದ ಉಕ್ಕಿನ ಕೊಳವೆಗಳಿಗೆ ತುಂಬುತ್ತಾರೆ. ಬಿಸಿನೀರು ಒತ್ತಡದಲ್ಲಿ ಒಂದರಿಂದ ಇನ್ನೊಂದಕ್ಕೆ ಹರಿಯುತ್ತ ಗಟ್ಟಿಯಾಗುತ್ತ ಹೋಗುತ್ತದೆ. ಮನೆಯ ಫಿಲ್ಟರಿನ ಕೆಲಸವೇ, ದೊಡ್ಡ ಮಟ್ಟದಲ್ಲಿ. ಕೊನೆಗೆ ಸಿಗುವುದು ಡಿಕಾಕ್ಷನ್. ಅದರ ನೀರನ್ನು ಎರಡು ರೀತಿಯಲ್ಲಿ ತೆಗೆಯುತ್ತಾರೆ. ಗೋಪುರದ ಮೇಲಿಂದ ಸಣ್ಣ ಹನಿಯಾಗಿ ಸಿಂಪಡಿಸಿ ಬಿಸಿ ಗಾಳಿ ಬಿಟ್ಟರೆ, ಕೆಳಗೆ ಬೀಳುವಷ್ಟರಲ್ಲಿ ಅದು ಪುಡಿಯಾಗಿರುತ್ತದೆ. ಇಲ್ಲವೇ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿ ಗಡ್ಡೆ ಕಟ್ಟಿಸಿ, ಗಾಳಿ ತೆಗೆದ ಕೋಣೆಯಲ್ಲಿ ಅದರಲ್ಲಿನ ಮಂಜುಗಡ್ಡೆಯನ್ನು ನೇರವಾಗಿ ಆವಿ ಮಾಡುತ್ತಾರೆ. ಎರಡನೆಯದರಲ್ಲಿ ಪರಿಮಳ ಜಾಸ್ತಿ ಉಳಿಯುತ್ತದೆ, ಬೆಲೆಯೂ ಜಾಸ್ತಿ. ಬ್ರೆಜಿಲ್‌ನಲ್ಲಿ ಮಾರಾಟವಾಗದೆ ಉಳಿದ ಕಾಫಿಯನ್ನು ಏನು ಮಾಡುವುದು ಎಂಬ ಚಿಂತೆಯಿಂದ ಹುಟ್ಟಿದ ನೆಸ್ಕೆಫೆ ಎಂಬ ಇನ್‌ಸ್ಟಂಟ್ ಕಾಫಿ, 1938ರಲ್ಲಿ ಸ್ವಿಟ್ಜರ್ಲೆಂಡಿನ ಅಂಗಡಿಗಳಿಗೆ ಬಂತು. ಈಗ ನಮ್ಮ ನಂಜನಗೂಡಿನಲ್ಲೂ ತಯಾರಾಗುತ್ತದೆ.

ಅಂದರೆ ಬಾಟಲಿಯಲ್ಲಿರುವುದು ಒಣಗಿಸಿದ ಡಿಕಾಕ್ಷನ್. ನೀವು ಅದಕ್ಕೆ ನೀರನ್ನು ವಾಪಸ್ ಕೊಟ್ಟರೆ ಸಾಕು. ಟೀ ಸೊಪ್ಪಿಗೆ ಕುದಿ ಬೇಕು, ಒಳಗಿನ ಸಾರ ಹೊರಗೆ ಬರಬೇಕಲ್ವಾ? ಇಲ್ಲಿ ಸಾರ ಆಗಲೇ ಹೊರಗಿದೆ. ಕುದಿಸಿದರೆ ಹೋಗುವುದು ಪರಿಮಳ ಮಾತ್ರ. ಅಡುಗೆಮನೆಯೆಲ್ಲ ಘಮಘಮ ಅನ್ನುತ್ತದೆ, ಲೋಟದಲ್ಲಿ ಕಹಿ ಉಳಿಯುತ್ತದೆ. ಫಿಲ್ಟರ್ ಡಿಕಾಕ್ಷನ್ ಅನ್ನು ನಮ್ಮ ಅಮ್ಮಂದಿರು ಯಾವತ್ತಾದರೂ ಹಾಲಿನ ಜೊತೆ ಕೊತಕೊತ ಕುದಿಸಿದ್ದುಂಟೇ?

ನಾನು ಮಾಡುವುದು ಹೀಗೆ. ಲೋಟಕ್ಕೆ ಒಂದು ಟೀ ಚಮಚ ಪುಡಿ, ಸುಮಾರು 2 ಗ್ರಾಂ. ಮೇಲೆ ಒಂದು ದೊಡ್ಡ ಚಮಚ ತಣ್ಣೀರು. ಅಂಬಲಿಗೆ ರಾಗಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡುತ್ತೇವಲ್ಲ, ಕಾರಣ ಅದೇ. ಸುಡುವ ಹಾಲಿಗೆ ಪುಡಿ ಸುರಿದರೆ ಹೊರಪದರ ಅಂಟಾಗಿ ಒಳಗೆ ಗಂಟು ಉಳಿಯುತ್ತದೆ. ಕದಡಿದ ಮೇಲೆ ನಯವಾದ ಕಪ್ಪು ದ್ರವ ಸಿಗುತ್ತದೆ. ಹಾಲನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ, ಇಳಿಸಿ, ಅರ್ಧ ನಿಮಿಷ ಬಿಟ್ಟು ಎತ್ತರದಿಂದ ಹೊಯ್ಯಿರಿ. ಎರಡು ಸಲ ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದರೆ ನೊರೆಯೂ ಬರುತ್ತದೆ.

ಹಾಲಿನ ಬಗ್ಗೆ ಒಂದು ಮಾತು. ಇಲ್ಲಿ ತಬೇಲಾದಿಂದ, ಅಂದರೆ ಎಮ್ಮೆ ಕೊಟ್ಟಿಗೆಯಿಂದ, ಬರುವ ಎಮ್ಮೆ ಹಾಲಿನಲ್ಲಿ ಕೊಬ್ಬು 6 ಶೇಕಡಾಕ್ಕಿಂತ ಜಾಸ್ತಿ ಇರುತ್ತದೆ. ಟೋನ್ಡ್ ಹಾಲಿನಲ್ಲಿ 3 ಶೇಕಡಾ. ಕೊಬ್ಬು ನಾಲಿಗೆಗೆ ಲೇಪ ಹಾಕಿದಂತೆ ಕೂತು ಕಾಫಿಯ ರುಚಿಯನ್ನು ಮುಚ್ಚಿಬಿಡುತ್ತದೆ. "ಸ್ಟ್ರಾಂಗ್ ಆಗಿಲ್ಲ" ಅಂತ ಇನ್ನೊಂದು ಚಮಚ ಪುಡಿ ಸುರಿಯಬೇಡಿ. ಹಾಲಿಗೆ ಕಾಲು ಭಾಗ ನೀರು ಸೇರಿಸಿ ನೋಡಿ, ಕಾಫಿ ಮುಂದೆ ಬರುತ್ತದೆ.

ಆ ಅಕ್ಕನ ಮನೆಯಲ್ಲೇ ಅವತ್ತು ಎರಡನೇ ಲೋಟವನ್ನು ಹೀಗೆ ಮಾಡಿ ಮೊದಲಿನದರ ಪಕ್ಕ ಇಟ್ಟೆ. ಅದೇ ಬಾಟಲಿ, ಅದೇ ಹಾಲು. ಒಂದೊಂದು ಗುಟುಕು ಕುಡಿದು ಅವರು ಮೊದಲ ಲೋಟವನ್ನು ಸಿಂಕಿಗೆ ಚೆಲ್ಲಿದರು.

ಬಾಟಲಿಯ ಹಿಂಬದಿಯನ್ನೂ ಓದಿ. ಕಾಫಿ 70, ಚಿಕೋರಿ 30 ಶೇಕಡಾ ಅಂತ ಇರಬಹುದು. ಚಿಕೋರಿ ಒಂದು ಬೇರು, ಗುಜರಾತಿನ ಜಾಮನಗರದ ಕಡೆ ಬೆಳೆಯುತ್ತದೆ. ಅದರಲ್ಲಿ ಕೆಫೀನ್ ಇಲ್ಲ. ಅದನ್ನು ಕಲಬೆರಕೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಾಲಿನ ಕಾಫಿಗೆ ಅದು ಬಣ್ಣ ಮತ್ತು ಗಟ್ಟಿತನ ಕೊಡುತ್ತದೆ. ಹಾಲಿಲ್ಲದೆ ಕುಡಿಯುವವರು ಮಾತ್ರ ಚಿಕೋರಿ ಇಲ್ಲದ್ದನ್ನೇ ಕೊಳ್ಳಿ.

ಇನ್ನು ಮಳೆಗಾಲ. ನೀರು ತೆಗೆದ ಪುಡಿ ಸಿಕ್ಕಲ್ಲೆಲ್ಲ ನೀರನ್ನು ಹೀರಿಕೊಳ್ಳುತ್ತದೆ. ಜುಲೈಯಲ್ಲಿ ಮುಂಬೈಯ ಗಾಳಿಯ ತೇವಾಂಶ 80 ಶೇಕಡಾ ದಾಟಿರುತ್ತದೆ. ದೊಡ್ಡ ಬಾಟಲಿ ತಂದು ದಿನಾ ತೆರೆದರೆ ಎರಡು ವಾರದಲ್ಲಿ ತಳದಲ್ಲಿ ಡಾಂಬರಿನಂಥ ಅಂಟು ಕಾಣಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 50 ಗ್ರಾಮಿನದನ್ನೇ ತನ್ನಿ. ಪೌಚ್ ಆದರೆ ಒಣಗಿದ ಗಾಜಿನ ಬಾಟಲಿಗೆ ಹಾಕಿಡಿ. ಫ್ರಿಜ್ ಬೇಡ, ಹೊರಗೆ ತೆಗೆದು ಮುಚ್ಚಳ ತೆರೆದ ತಕ್ಷಣ ಒಳಗೆ ಬೆವರುತ್ತದೆ. ಹಾಲು ಕಾಯುತ್ತಿರುವ ಪಾತ್ರೆಯ ಹತ್ತಿರ ಬಾಟಲಿ ತೆರೆಯಬೇಡಿ, ಚಮಚ ಒದ್ದೆ ಇರಬಾರದು. ಪುಡಿ ಬರೀ ಗಂಟಾಗಿದ್ದು ವಾಸನೆ ಸರಿಯಿದ್ದರೆ ಚಮಚದಲ್ಲಿ ಒಡೆದು ಬೇಗ ಮುಗಿಸಿ. ಅಂಟಾಗಿದ್ದರೆ ಎಸೆದುಬಿಡಿ.