ಶಿರಾಡಿ ಘಾಟಿ ಹೆದ್ದಾರಿ: 48 ಯಾವುದು, 75 ಯಾವುದು?

ನಿನ್ನೆ ರಾತ್ರಿ ಪೂರ್ತಿ ಈ ಒಂದು ರಸ್ತೆಗೇ ಹೋಯಿತು. ಶಿರಾಡಿ ಘಾಟಿ ಇಳಿದು ಹೋಗುವ ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯ ನಂಬರ್ ಏನು? ನನ್ನ ಹತ್ತಿರ ಇರೋ ಹಳೇ ಪುಸ್ತಕದಲ್ಲಿ 48 ಅಂತಿದೆ. ಹೊಸ ನಕ್ಷೆಯಲ್ಲಿ 75. ಇನ್ನೊಂದು ಕಡೆ ನೋಡಿದರೆ 48 ಅಂದರೆ ದೆಹಲಿ–ಚೆನ್ನೈ ರಸ್ತೆ. ಯಾರೂ ಸುಳ್ಳು ಬರೆದಿಲ್ಲ. ಹೇಗೆ ಅನ್ನೋದು ಈಗಷ್ಟೇ ತಲೆಗೆ ಹತ್ತಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಪರೀಕ್ಷೆಗೆ ಓದುತ್ತಿರುವ ಬೇರೆಯವರಿಗೂ ಉಪಯೋಗ ಆಗಲಿ.

ಮೊದಲೇ ಒಂದು ಮಾತು. ಇದು ಶಿರಾಡಿ, ದಕ್ಷಿಣ ಕನ್ನಡದಲ್ಲಿ ಘಟ್ಟದ ಬುಡದಲ್ಲಿರುವ ಊರು. ಸಾಯಿಬಾಬಾ ಅವರ ಶಿರಡಿ ಮಹಾರಾಷ್ಟ್ರದಲ್ಲಿದೆ. ಬರೆಯುವಾಗ ದೀರ್ಘ ಬಿಡಬೇಡಿ.

ದಾರಿ

ಬೆಂಗಳೂರು, ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ, ಆಲೂರು, ಸಕಲೇಶಪುರ. ಇಷ್ಟು ಘಟ್ಟದ ಮೇಲೆ. ಆಮೇಲೆ ದೋಣಿಗಾಲ್, ಮಾರನಹಳ್ಳಿ, ಘಾಟಿ, ಗುಂಡ್ಯ. ಘಟ್ಟ ಇಳಿದ ಮೇಲೆ ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ, ಬಂಟ್ವಾಳದ ಬಿ.ಸಿ. ರೋಡ್. ಸುಬ್ರಹ್ಮಣ್ಯಕ್ಕೆ ಹೋಗುವವರು ಗುಂಡ್ಯದಲ್ಲಿ ತಿರುಗುತ್ತಾರೆ.

ನಂಬರ್ ಗೊಂದಲ

2010ರಲ್ಲಿ ಕೇಂದ್ರ ಸರ್ಕಾರ ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಿತು. ಇದು ಎಲ್ಲರಿಗೂ ಗೊತ್ತು. ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಹೊಸ ನಂಬರ್ ಬಂದರೆ ಹಳೇ ನಂಬರ್ ಸತ್ತುಹೋಯಿತು ಅಂದುಕೊಂಡಿದ್ದೆ. ಸಾಯಲಿಲ್ಲ. ಎದ್ದು ಬೇರೆ ರಸ್ತೆಗೆ ಹೋಗಿ ಕೂತಿತು.

ಇದನ್ನು ಅರ್ಥ ಮಾಡಿಕೊಳ್ಳೋಕೆ ಮನಸ್ಸಿನಲ್ಲೇ ನೆಲಮಂಗಲಕ್ಕೆ ಹೋಗಿ ನಿಲ್ಲಿ. ಬೆಂಗಳೂರಿಂದ ತುಮಕೂರು ರಸ್ತೆ ಹಿಡಿದು ಬಂದಿದ್ದೀರಿ. ನೇರ ಹೋದರೆ ತುಮಕೂರು. ಎಡಕ್ಕೆ ತಿರುಗಿದರೆ ಕುಣಿಗಲ್, ಹಾಸನ. ಮೊದಲು ನೇರ ರಸ್ತೆ 4, ಎಡಗಡೆ ರಸ್ತೆ 48. ಈಗ ನೇರ ರಸ್ತೆ 48, ಎಡಗಡೆ ರಸ್ತೆ 75. ಅದೇ ಜಂಕ್ಷನ್, ಅದೇ ಎರಡು ರಸ್ತೆ. 48 ಮಾತ್ರ ಎಡದಿಂದ ನೇರಕ್ಕೆ ಸರಿದಿದೆ. ಹಾಗಾಗಿ ಯಾರಾದರೂ "ನೆಲಮಂಗಲದಲ್ಲಿ 48 ಸಿಗುತ್ತದೆ" ಅಂದರೆ ಅದು ಹಿಂದೆಯೂ ನಿಜ, ಈಗಲೂ ನಿಜ. ಆದರೆ ಹಿಂದೆ ಅದು ನಿಮ್ಮನ್ನು ಮಂಗಳೂರಿಗೆ ಕರೆದುಕೊಂಡು ಹೋಗುತ್ತಿತ್ತು, ಈಗ ಹುಬ್ಬಳ್ಳಿ, ಬೆಳಗಾವಿ, ಪುಣೆ ದಾಟಿಸಿ ದೆಹಲಿವರೆಗೆ ಒಯ್ಯುತ್ತದೆ. ದೆಹಲಿ–ಮುಂಬೈ ನಡುವಿನ ಹಳೇ 8, ಮುಂಬೈ–ಬೆಂಗಳೂರು ನಡುವಿನ ಹಳೇ 4, ಎರಡೂ ಈಗ ಹೊಸ 48ರ ಭಾಗ. ಈ ಜಂಕ್ಷನ್ ಚಿತ್ರವನ್ನು ಮೂರು ಸಲ ಕೈಯಲ್ಲಿ ಬರೆದ ಮೇಲೆ ನನಗೆ ಗೊಂದಲ ಬಿಟ್ಟುಹೋಯಿತು. ನೀವೂ ಬರೆದು ನೋಡಿ.

ಇನ್ನು ನಿಯಮ. ಉತ್ತರ–ದಕ್ಷಿಣ ಹೋಗುವ ಮುಖ್ಯ ಹೆದ್ದಾರಿಗೆ ಸಮ ಸಂಖ್ಯೆ, ಪೂರ್ವ–ಪಶ್ಚಿಮ ಹೋಗುವುದಕ್ಕೆ ಬೆಸ ಸಂಖ್ಯೆ. ಸಮ ಸಂಖ್ಯೆ ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ. ಬೆಸ ಸಂಖ್ಯೆ ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಬಾಯಿಪಾಠ ಬೇಡ, ನಮ್ಮ ರಾಜ್ಯದಲ್ಲೇ ತಾಳೆ ನೋಡಬಹುದು. ಪೂರ್ವದ ಅಂಚಿನಲ್ಲಿ ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಮೇಲೆ ಬರುವುದು 44. ಅದಕ್ಕಿಂತ ಪಶ್ಚಿಮಕ್ಕೆ ತುಮಕೂರು, ದಾವಣಗೆರೆ ಕಡೆಯದು 48. ಕರಾವಳಿಯಲ್ಲಿ 66. ಏರುತ್ತಲೇ ಹೋಯಿತು ಅಲ್ವಾ? ಬೆಸ ಸಂಖ್ಯೆಗೆ ಘಾಟಿಗಳನ್ನೇ ನೋಡಿ. ಚಾರ್ಮಾಡಿ ಘಾಟಿ ಉತ್ತರಕ್ಕಿದೆ, ಅದು 73. ಶಿರಾಡಿ ದಕ್ಷಿಣಕ್ಕಿದೆ, ಅದು 75.

ಮೂರು ಅಂಕಿ ಬಂದರೆ ಹೆದರಬೇಡಿ. ಕೊನೆಯ ಎರಡು ಅಂಕಿ ನೋಡಿದರೆ ಯಾವ ಹೆದ್ದಾರಿಯ ಕವಲು ಅಂತ ಗೊತ್ತಾಗುತ್ತದೆ. 275 ಅಂದರೆ 75ರ ಕವಲು. ಮಾಣಿಯಲ್ಲಿ ಬೇರೆಯಾಗಿ ಸುಳ್ಯ, ಮಡಿಕೇರಿ, ಮೈಸೂರು ಸುತ್ತಿ ಬೆಂಗಳೂರಿಗೆ ಬರುತ್ತದೆ. 173 ಮೂಡಿಗೆರೆಯಲ್ಲಿ, 373 ಬೇಲೂರಿನಲ್ಲಿ 73ಕ್ಕೆ ತಾಗುತ್ತವೆ.

ಇನ್ನೊಂದು ಬಲೆ ಇದೆ. ಹಳೇ 48 ಮಂಗಳೂರಿನವರೆಗೆ ಇತ್ತು. ಹೊಸ 75 ಮಂಗಳೂರನ್ನು ಮುಟ್ಟುವುದೇ ಇಲ್ಲ. ಬಂಟ್ವಾಳದಲ್ಲಿ 73ಕ್ಕೆ ಸೇರಿ ಮುಗಿಯುತ್ತದೆ. ಉಳಿದ ದಾರಿ 73ರದ್ದು. ಪೂರ್ವದ ತುದಿಯೂ ಬೆಂಗಳೂರಲ್ಲ. ಕೋಲಾರ, ಮುಳಬಾಗಿಲು ದಾಟಿ ತಮಿಳುನಾಡಿನ ವೆಲ್ಲೂರಿನವರೆಗೆ ಹೋಗುತ್ತದೆ.

ಕಣಿವೆ ಹೇಗೆ ದಾರಿ ಕೊಟ್ಟಿತು

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಶಿರಾಡಿಯಲ್ಲಿ ಹಾಗೆ ಸುತ್ತಿ ಸುತ್ತಿ ಇಳಿಯುವುದಿಲ್ಲ. ಕಾರಣ ಹೊಳೆ. ಗೋಡೆಯ ಹಾಗೆ ನಿಂತ ಬೆಟ್ಟವನ್ನು ಇಳಿಯಬೇಕಾದರೆ ರಸ್ತೆ ಮಡಚಿಕೊಳ್ಳಬೇಕು. ಹೊಳೆ ಮೊದಲೇ ಬೆಟ್ಟ ಕೊರೆದು ಕಣಿವೆ ಮಾಡಿಟ್ಟಿದ್ದರೆ ಅದರ ಪಕ್ಕದಲ್ಲೇ ನಿಧಾನಕ್ಕೆ ಇಳಿಯಬಹುದು. ಉದ್ದನೆಯ ಲಾರಿ, ಟ್ಯಾಂಕರ್‌ಗಳು ಈ ಘಾಟಿಯನ್ನೇ ಹಿಡಿಯುವುದು ಇದಕ್ಕೇ.

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹರಿಯುವುದು ಹೇಮಾವತಿ. ಅದು ಕಾವೇರಿ ಸೇರಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಸಾಕು, ನೀರಿನ ದಿಕ್ಕೇ ಬದಲಾಗುತ್ತದೆ. ಎತ್ತಿನಹೊಳೆ, ಕೆಂಪುಹೊಳೆ ಸೇರಿ ಗುಂಡ್ಯ ಹೊಳೆ ಆಗುತ್ತದೆ. ಅದು ಕುಮಾರಧಾರಾ ಸೇರುತ್ತದೆ. ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ಅಲ್ಲಿಂದ ಅರಬ್ಬೀ ಸಮುದ್ರ. ಈ ಸರಪಳಿ ನೆನಪಿದ್ದರೆ ರಸ್ತೆಯ ಅರ್ಧ ಊರುಗಳು ತಾವಾಗಿಯೇ ನೆನಪಿಗೆ ಬರುತ್ತವೆ.

ಹೋದ ಮಳೆಗಾಲ ಧರ್ಮಸ್ಥಳದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಮಾರನಹಳ್ಳಿ ದಾಟಿದ ಮೇಲೆ ಮರಗಳ ಸಂದಿಯಲ್ಲಿ ಕೆಂಪುಹೊಳೆ ಕಾಣಿಸಿತು. ನೀರು ನಿಜವಾಗಿಯೂ ಚಹಾದ ಬಣ್ಣಕ್ಕಿತ್ತು, ಬಂಡೆಗಳ ಮೇಲೆ ನೊರೆ. ಮುಂದೆ ಹೋಗುತ್ತಿದ್ದ ಲಾರಿಯ ಬ್ರೇಕ್ ಕಾದ ವಾಸನೆ ಬಸ್ಸಿನೊಳಗೆ ಬರುತ್ತಿತ್ತು. ಹೊಳೆ ಮರೆಯಾಗಿ ಮತ್ತೆ ಮತ್ತೆ ಸಿಗುತ್ತಿತ್ತು. ಪುಸ್ತಕದಲ್ಲಿ "ನದಿ ಕಣಿವೆ" ಅಂತ ಓದಿದ್ದು ನನಗೆ ಅರ್ಥ ಆಗಿದ್ದು ಅವತ್ತೇ.

ಇತಿಹಾಸ

ಈ ದಾರಿ ಯಾಕೆ ಮುಖ್ಯ ಅಂತ ತಿಳಿಯೋಕೆ ದೋಣಿಗಾಲ್ ಹತ್ತಿರದ ಮಂಜರಾಬಾದ್ ಕೋಟೆ ಸಾಕು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ಶ್ರೀರಂಗಪಟ್ಟಣಕ್ಕೂ ಮಂಗಳೂರು ಬಂದರಿಗೂ ನಡುವಿನ ದಾರಿ ಕಾಯುವುದೇ ಅದರ ಕೆಲಸ. ಬ್ರಿಟಿಷರ ಕಾಲದಲ್ಲಿ ಘಾಟಿಗೂ ಮಂಜರಾಬಾದ್ ಘಾಟ್ ಅನ್ನೋ ಹೆಸರಿತ್ತು.

1799ರಲ್ಲಿ ಟಿಪ್ಪು ಸತ್ತ ಮೇಲೆ ಕರಾವಳಿ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಮೇಲಿನ ಭಾಗ ಮೈಸೂರು ಒಡೆಯರಿಗೆ ಉಳಿಯಿತು. ಮುಂದೆ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತು. 1956ರ ನವೆಂಬರ್ 1ರವರೆಗೆ ಘಟ್ಟ ಇಳಿಯುವುದು ಅಂದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವುದು. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಶುರುವಾದ ಮೇಲೆ ಲಾರಿಗಳು ಜಾಸ್ತಿಯಾದವು. 1979ರಲ್ಲಿ ಹಾಸನ–ಮಂಗಳೂರು ರೈಲು ಬಂತು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಈ ಎರಡು ಅಂಕಿ ಅದಲು ಬದಲು ಆಗದ ಹಾಗೆ ನೋಡಿಕೊಳ್ಳಿ.

ಮಳೆ ಮತ್ತು ಕಾಂಕ್ರೀಟ್

ಇಲ್ಲಿ ಡಾಂಬರು ಪ್ರತಿ ಮಳೆಗಾಲ ಕಿತ್ತುಹೋಗುತ್ತಿತ್ತು. ಅದಕ್ಕೇ ಘಾಟಿಯನ್ನು ಎರಡು ಹಂತದಲ್ಲಿ, 2015 ಮತ್ತು 2018ರಲ್ಲಿ, ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದರು. ರಸ್ತೆ ಗಟ್ಟಿಯಾಯಿತು, ಪಕ್ಕದ ಗುಡ್ಡ ಗಟ್ಟಿಯಾಗಲಿಲ್ಲ. 2018ರ ಆಗಸ್ಟ್‌ನಲ್ಲಿ ಕುಸಿಯಿತು. 2024ರ ಜುಲೈನಲ್ಲಿ ಸಕಲೇಶಪುರ ದಾಟಿದ ಮೇಲೆ ಸಿಗುವ ದೊಡ್ಡತಪ್ಪಲು ಹತ್ತಿರ ಮತ್ತೆ ಕುಸಿಯಿತು. ಅಗಲ ಮಾಡೋಕೆ ಗುಡ್ಡವನ್ನು ನೆಟ್ಟಗೆ ಕಡಿದರೆ ಮಣ್ಣಿಗೆ ಆಸರೆ ಇರುವುದಿಲ್ಲ. ನೀರು ಕುಡಿದು ಭಾರವಾದಾಗ ಜಾರುತ್ತದೆ.

ಶಿರಾಡಿ ಮುಚ್ಚಿದಾಗ ವಾಹನಗಳು ಎರಡು ಕಡೆ ಹೋಗುತ್ತವೆ: ಉತ್ತರಕ್ಕೆ ಚಾರ್ಮಾಡಿ, ದಕ್ಷಿಣಕ್ಕೆ ಸಂಪಾಜೆ. ಇವುಗಳ ನಂಬರ್ ಮೇಲೆ ನೋಡದೆ ಹೇಳಿ. ಒಂದು 73. ಇನ್ನೊಂದು ಮಡಿಕೇರಿ–ಸುಳ್ಯ ದಾರಿ, ಮಾಣಿಗೆ ಬಂದು 75ನ್ನು ಸೇರುವ 275.