ಬಂದೂಕಿನ ಕಾನೂನಿಗೆ ಹಳೆಯ ಕಡತದ ಸಾಕ್ಷಿ

ಅಮೆರಿಕದ ಸಂವಿಧಾನದ 2ನೇ ತಿದ್ದುಪಡಿ ಇಂಗ್ಲಿಷಿನಲ್ಲಿ 27 ಪದಗಳ ಒಂದೇ ವಾಕ್ಯ. 1791ರಲ್ಲಿ ಅಂಗೀಕಾರವಾಯಿತು. ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಿನ ನಾಗರಿಕ ಪಡೆ ಬೇಕು ಎನ್ನುತ್ತದೆ ಮೊದಲ ಭಾಗ. ಶಸ್ತ್ರ ಇಟ್ಟುಕೊಳ್ಳುವ, ಧರಿಸುವ ಜನರ ಹಕ್ಕಿಗೆ ಭಂಗ ತರಕೂಡದು ಎನ್ನುತ್ತದೆ ಎರಡನೆಯದು. ಮೊದಲನೆಯದು ಎರಡನೆಯದಕ್ಕೆ ಹಾಕಿದ ಬೇಲಿಯೋ, ಬರೀ ಪೀಠಿಕೆಯೋ? ವ್ಯಾಜ್ಯದ ಬೇರು ಇಲ್ಲಿದೆ.

1939ರ ಮಿಲ್ಲರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬೇಲಿಯಂತೆಯೇ ಓದಿತು. 18 ಇಂಚಿಗಿಂತ ಗಿಡ್ಡ ನಳಿಗೆಯ ಶಾಟ್‌ಗನ್ನಿಗೂ ನಾಗರಿಕ ಪಡೆಗೂ ಸಂಬಂಧ ಕಾಣದ್ದರಿಂದ ಅದಕ್ಕೆ ರಕ್ಷಣೆ ಸಿಗಲಿಲ್ಲ. 2008ರ ಹೆಲ್ಲರ್ ತೀರ್ಪು 5-4ರಲ್ಲಿ ಇದನ್ನು ತಿರುಗಿಸಿ, ವಾಷಿಂಗ್ಟನ್ ನಗರದ 1976ರ ಕೈಬಂದೂಕು ನಿಷೇಧವನ್ನು ರದ್ದು ಮಾಡಿತು. ನ್ಯಾಯಮೂರ್ತಿ ಸ್ಕಾಲಿಯಾ 18ನೇ ಶತಮಾನದ ನಿಘಂಟುಗಳನ್ನು ತೆರೆದು, ಇದು ಆತ್ಮರಕ್ಷಣೆಗಾಗಿ ಪ್ರತಿಯೊಬ್ಬರಿಗೂ ಇರುವ ಹಕ್ಕು ಎಂದರು. ಸ್ಟೀವನ್ಸ್ ಅದೇ ಕಾಲದ ಬಳಕೆಯನ್ನು ನೋಡಿ, ‘ಶಸ್ತ್ರ ಧರಿಸುವುದು’ ಸೈನಿಕರ ನುಡಿಗಟ್ಟು ಎಂದು ಭಿನ್ನಮತ ಬರೆದರು.

ಆ ಬಳಿಕ ಕೆಳ ನ್ಯಾಯಾಲಯಗಳು ಮೊದಲು ಇತಿಹಾಸ ನೋಡಿ, ನಂತರ ಸಾರ್ವಜನಿಕ ಸುರಕ್ಷತೆಯನ್ನು ತೂಗುತ್ತಿದ್ದವು. 2022ರ ಬ್ರೂಯೆನ್ ತೀರ್ಪು ಆ ತಕ್ಕಡಿಯನ್ನೇ ಕಿತ್ತುಹಾಕಿತು. ಈಗ ಕ್ರಮ ಹೀಗೆ: ಕಾನೂನನ್ನು ಪ್ರಶ್ನಿಸಿದ ವ್ಯಕ್ತಿ ಮಾಡಹೊರಟದ್ದು ತಿದ್ದುಪಡಿಯ ಮಾತುಗಳೊಳಗೆ ಬಂದರೆ, ಹಕ್ಕು ಇದೆಯೆಂದೇ ಎಣಿಕೆ. ನಿರ್ಬಂಧಕ್ಕೆ ಹಳೆಯ ಪರಂಪರೆ ಉಂಟೆಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಅಚ್ಚೊತ್ತಿದಂಥ ಹಳೆಯ ಕಾನೂನು ಬೇಕಿಲ್ಲ. ಏಕೆ ನಿರ್ಬಂಧಿಸಿತು, ಹೇಗೆ ನಿರ್ಬಂಧಿಸಿತು ಎಂಬೆರಡರಲ್ಲಿ ಹೋಲಿಕೆ ಸಾಕು. (ಕೊಡವರಿಗೆ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು 2021ರಲ್ಲಿ ಎತ್ತಿಹಿಡಿದಾಗ ಕರ್ನಾಟಕ ಹೈಕೋರ್ಟ್ ಕೂಡ ಹಳೆಯ ರೂಢಿಯನ್ನು ಪರಿಗಣಿಸಿತ್ತು. ಇಲ್ಲಿ ವಿನಾಯಿತಿಗೆ ಇತಿಹಾಸದ ಬೆಂಬಲ. ಅಲ್ಲಿ ನಿರ್ಬಂಧಕ್ಕೇ ಅದು ಬೇಕು.)

ಎಷ್ಟು ಹೋಲಿದರೆ ಸಾಕು? ಎಡವಟ್ಟಾಗುವುದು ಇಲ್ಲೇ. ಕೌಟುಂಬಿಕ ಹಿಂಸೆಗಾಗಿ ಕೋರ್ಟಿನ ತಡೆಯಾಜ್ಞೆಗೆ ಒಳಗಾದವನು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ 1994ರ ಫೆಡರಲ್ ಕಾನೂನು. 18ನೇ ಶತಮಾನದಲ್ಲಿ ಇಂಥದ್ದು ಇರಲಿಲ್ಲವೆಂದು 5ನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಅದನ್ನು ಹೊಡೆದುಹಾಕಿತು. ಇರುವುದಾದರೂ ಹೇಗೆ? ಆಗಿನ ಶಾಸನಸಭೆಗಳಲ್ಲಿ ಒಬ್ಬ ಹೆಣ್ಣೂ ಇರಲಿಲ್ಲ. ಆ ಮೌನವನ್ನು ಹಕ್ಕಿನ ಪುರಾವೆಯೆಂದು ಎಣಿಸಿದ್ದು ಅನ್ಯಾಯವೇ ಸರಿ.

2024ರ ರಹಿಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಆ ಕಾನೂನನ್ನು ಉಳಿಸಿತು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಹಿಡಿದದ್ದು ಎರಡು ಹಳೆಯ ಪದ್ಧತಿಗಳನ್ನು. ಒಂದು ಜಾಮೀನು ಮುಚ್ಚಳಿಕೆ: ಒಬ್ಬನಿಂದ ಹಿಂಸೆಯಾದೀತೆಂಬ ಭಯವಿದ್ದರೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು, ಆತ ಮುಚ್ಚಳಿಕೆ ಬರೆದುಕೊಡಬೇಕು, ಶಾಂತಿ ಕದಡಿದರೆ ಹಣ ಮುಟ್ಟುಗೋಲು. ಗಂಡನಿಂದ ಭಯವಿದ್ದ ಹೆಂಡತಿಗೂ ಈ ದಾರಿ ಇತ್ತು. ಇನ್ನೊಂದು, ಆಯುಧ ಹಿಡಿದು ಜನರನ್ನು ಬೆದರಿಸಿದವನ ಆಯುಧ ಕಿತ್ತುಕೊಂಡು ಜೈಲಿಗೆ ಹಾಕುವ ಕಾನೂನು. ಎರಡನ್ನೂ ಕೂಡಿಸಿದರೆ ತತ್ವ ಸಿಗುತ್ತದೆ: ಅಪಾಯಕಾರಿ ಎಂದು ಸಾಬೀತಾದವನನ್ನು ನಿಶ್ಶಸ್ತ್ರಗೊಳಿಸಬಹುದು. ಬ್ರೂಯೆನ್ ತೀರ್ಪು ಬರೆದ ಥಾಮಸ್ ಒಬ್ಬರೇ ಒಪ್ಪಲಿಲ್ಲ.

ಆದರೆ ನ್ಯಾಯಾಲಯ ಎತ್ತಿಹಿಡಿದದ್ದು ತಡೆಯಾಜ್ಞೆ ಜಾರಿಯಲ್ಲಿರುವವರೆಗಿನ ತಾತ್ಕಾಲಿಕ ನಿರ್ಬಂಧವನ್ನು ಮಾತ್ರ. ರಾಜ್ಯಗಳ ಕಾನೂನುಗಳಿಗೆ ಯಾವ ಕಾಲದ ಇತಿಹಾಸ ಅಳತೆಗೋಲು, ತಿದ್ದುಪಡಿ ಬಂದ 1791ರದ್ದೋ, ಆ ಹಕ್ಕು ರಾಜ್ಯಗಳಿಗೂ ಅನ್ವಯಿಸಲು ದಾರಿಯಾದ 14ನೇ ತಿದ್ದುಪಡಿಯ 1868ರದ್ದೋ ಎಂಬುದನ್ನು ಬ್ರೂಯೆನ್, ರಹಿಮಿ ಎರಡೂ ತೀರ್ಪುಗಳು ಇತ್ಯರ್ಥ ಮಾಡದೆ ಬಿಟ್ಟಿವೆ.